ಶಿವಮೊಗ್ಗದಲ್ಲಿ ದಸರಾ ರಜೆಗೆ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗೋದು?

ಟ್ರಾನ್ಸ್‌ಫರ್ ಆಗಿ ಜೂನಲ್ಲಿ ಶಿವಮೊಗ್ಗಕ್ಕೆ ಬಂದಿದೀವಿ, 6 ಮತ್ತೆ 10 ವರ್ಷದ ಇಬ್ರು ಮಕ್ಕಳು, ರಜೆ ಶುರುವಾದಾಗಿಂದ ಮೊಬೈಲ್ ಕೆಳಗಿಡ್ತಿಲ್ಲ, ಕಾರಿಲ್ಲ, ಬಸ್ಸಲ್ಲಿ ಹೋಗಿ ಬರೋ ಥರದ್ದು ಹೇಳಿ ಅಂತ ಕೇಳಿದೀರಲ್ಲ, ನಾನೂ ಇದೇ ಊರಲ್ಲಿ ಎರಡು ಮಕ್ಕಳನ್ನ ಬೆಳೆಸ್ತಿರೋಳು, ಗೊತ್ತಿರೋದು ಹೇಳ್ತೀನಿ.

ಮೊದಲು ಸಕ್ರೆಬೈಲು ಆನೆ ಬಿಡಾರಕ್ಕೆ ಹೋಗಿ. ಊರಿಂದ ಸುಮಾರು 14 ಕಿಲೋಮೀಟರ್, ತೀರ್ಥಹಳ್ಳಿ ರೋಡಲ್ಲೇ ಇದೆ, ಆ ಕಡೆ ಹೋಗೋ ಬಸ್ಸು ಹತ್ತಿ ಕಂಡಕ್ಟರಿಗೆ ಹೇಳಿದ್ರೆ ಸಾಕು. ಆದ್ರೆ ಬೆಳಿಗ್ಗೆ ಹೋಗ್ಬೇಕು, 9 ಗಂಟೆ ಒಳಗೆ ಅಲ್ಲಿದ್ರೆ ಒಳ್ಳೇದು. ನಾವು ಮೊದಲನೇ ಸಲ ಒಂದೇ ದಿನದಲ್ಲಿ ಮೂರು ಜಾಗ ನೋಡ್ಬಿಡೋಣ ಅಂತ ಪ್ಲಾನ್ ಮಾಡಿ ಮಧ್ಯಾಹ್ನ 12ಕ್ಕೆ ಅಲ್ಲಿಗೆ ಹೋಗಿದ್ವಿ, ಆನೆಗಳೆಲ್ಲ ಆಗ್ಲೇ ವಾಪಸ್ ಹೋಗಿದ್ವು, ಚಿಕ್ಕವಳು ಬಸ್ಸಲ್ಲಿ ಮನೆವರೆಗೂ ಅತ್ಕೊಂಡೇ ಬಂದ್ಲು. ಅವತ್ತಿಂದ ನಮ್ಮನೇಲಿ ಒಂದು ದಿನಕ್ಕೆ ಒಂದೇ ಜಾಗ, ಮಧ್ಯಾಹ್ನ ಊಟಕ್ಕೆ ಮನೆ.

ಬೇಗ ಹೋದ್ರೆ ಏನು ಸಿಗುತ್ತೆ ಅಂದ್ರೆ, ತುಂಗಾ ಹಿನ್ನೀರಲ್ಲಿ ಆನೆಗಳ ಸ್ನಾನ. ಅಷ್ಟು ದೊಡ್ಡ ಪ್ರಾಣಿ ನೀರಲ್ಲಿ ಒಂದು ಮಗ್ಗುಲಿಗೆ ಮಲಗಿಬಿಡುತ್ತೆ, ಸೊಂಡಿಲಿನ ತುದಿ ಮಾತ್ರ ಮೇಲೆ, ಅದ್ರಲ್ಲೇ ಉಸಿರಾಡ್ತಿರುತ್ತೆ, ಮಾವುತ ಮೇಲೆ ಕೂತು ಕಿವಿ ಹಿಂದೆ ಎಲ್ಲಾ ಉಜ್ತಾ ಇರ್ತಾರೆ, ಆಮೇಲೆ ಒಂದು ಮಾತು ಹೇಳಿದ್ರೆ ಎದ್ದು ಇನ್ನೊಂದು ಮಗ್ಗುಲಿಗೆ ಮಲಗುತ್ತೆ. ನನ್ನ ಮಗ ಕಲ್ಲಿನ ಮೇಲೆ ಕೂತು ಒಂದು ಗಂಟೆ ಅಲ್ಲಾಡ್ಲಿಲ್ಲ. ಸ್ನಾನ ಆದ್ಮೇಲೆ ಭತ್ತದ ಹುಲ್ಲಲ್ಲಿ ಭತ್ತ ಬೆಲ್ಲ ಇಟ್ಟು ಸುತ್ತಿರೋ ಉಂಡೆ ಕೊಡ್ತಾರೆ. ಬಿಡುವಿದ್ದಾಗ ಮಾವುತರನ್ನ ಅಥವಾ ಅವರ ಸಹಾಯಕ್ಕಿರೋ ಕಾವಾಡಿಗಳನ್ನ ಮಾತಾಡ್ಸಿ, ಮಕ್ಕಳ ಕೈಲೇ ಪ್ರಶ್ನೆ ಕೇಳ್ಸಿ. ಸಂಜೆ ಆನೆಗಳನ್ನ ಕಾಲಿಗೆ ಉದ್ದ ಸರಪಳಿ ಹಾಕಿ ಕಾಡಿಗೆ ಮೇಯೋಕೆ ಬಿಡ್ತಾರಂತೆ, ಬೆಳಿಗ್ಗೆ ಆ ಸರಪಳಿ ಎಳೆದಿರೋ ಗುರುತು ಹಿಡ್ಕೊಂಡೇ ಹುಡುಕ್ಕೊಂಡು ಹೋಗ್ತಾರಂತೆ. ಇದನ್ನ ಕೇಳಿದ್ಮೇಲೆ ನಮ್ಮ ಮಕ್ಕಳು ಮನೆ ಹಿತ್ತಲಲ್ಲಿ ಹಗ್ಗ ಎಳ್ಕೊಂಡು ಒಂದು ವಾರ ಅದೇ ಆಟ ಆಡಿದ್ರು.

ಈಗ ದಸರಾ ಬೇರೆ. ನಮ್ಮೂರ ಜಂಬೂ ಸವಾರಿಗೂ ಸಕ್ರೆಬೈಲಿಂದಾನೇ ಆನೆ ಬರೋದು, ಅದಕ್ಕೇ ಮೊದಲು ಬಿಡಾರಕ್ಕೆ ಹೋಗಿ ಹೆಸರು ಕೇಳ್ಕೊಂಡು ಬನ್ನಿ, ವಿಜಯದಶಮಿ ದಿನ ಅದೇ ಆನೆ ಅಲಂಕಾರ ಮಾಡ್ಕೊಂಡು ರೋಡಲ್ಲಿ ಬಂದಾಗ ಮಕ್ಕಳ ಮುಖ ನೋಡ್ಬೇಕು. 2023ರಲ್ಲಿ ಮೆರವಣಿಗೆಗೆ ಅಂತ ಕರ್ಕೊಂಡು ಬಂದಿದ್ದ ನೇತ್ರಾವತಿ ಅನ್ನೋ ಆನೆ ಇಲ್ಲೇ ಮರಿ ಹಾಕಿತ್ತು, ಊರಿಗೆ ಊರೇ ಅದೇ ಮಾತು.

ಎರಡನೇದು ಟ್ರೈನು. ತಾಳಗುಪ್ಪ ಲೈನಲ್ಲಿ ಅರಸಾಳು ಅಂತ ಸಣ್ಣ ಸ್ಟೇಷನ್ ಇದೆ, ಶಂಕರ್‌ನಾಗ್ ಅವರ ಮಾಲ್ಗುಡಿ ಡೇಸ್ ಸೀರಿಯಲ್ಲಿನ ರೈಲ್ವೆ ಸ್ಟೇಷನ್ ಸೀನುಗಳ ಶೂಟಿಂಗ್ ಆಗಿದ್ದು ಅಲ್ಲಿ. ಹಳೇ ಸ್ಟೇಷನ್ ಕಟ್ಟಡಾನ 2020ರಲ್ಲಿ ರಿಪೇರಿ ಮಾಡಿ ಮ್ಯೂಸಿಯಂ ಮಾಡಿದಾರೆ, ಹಳೇ ರೈಲು ಬೋಗಿ ಇಟ್ಟಿದಾರೆ. ನಿಜ ಹೇಳ್ಬೇಕಂದ್ರೆ ಮ್ಯೂಸಿಯಂ ನೋಡೋಕೆ ಅರ್ಧ ಗಂಟೆ ಸಾಕು, ಮಕ್ಕಳಿಗೆ ಖುಷಿ ಇರೋದು ಕುಂಸಿ ದಾಟಿದ್ಮೇಲೆ ಕಿಟಕಿ ಪಕ್ಕ ಕೂತು ಕಾಡು ನೋಡೋದ್ರಲ್ಲಿ, ಮನೇಲಿ ಕಲಸಿದ ಖಾರ ಮಂಡಕ್ಕಿ ಡಬ್ಬಿ ಕೈಯಲ್ಲಿದ್ರೆ ಇನ್ನೇನು ಬೇಡ. ಎಲ್ಲಾ ಟ್ರೈನೂ ಅಲ್ಲಿ ನಿಲ್ಲಲ್ಲ, ಹೋಗೋದರ ಜೊತೆ ವಾಪಸ್ ಬರೋ ಟೈಮೂ ಸ್ಟೇಷನ್ನಲ್ಲೇ ಕೇಳ್ಕೊಂಡು ಹೊರಡಿ.

ಕೂಡ್ಲಿಗೂ ಒಂದು ಸಂಜೆ ಹೋಗಿ, ಹೊಳೆಹೊನ್ನೂರು ಹತ್ರ, ತುಂಗೆ ಭದ್ರೆ ಎರಡೂ ಸೇರೋ ಜಾಗ. ದೊಡ್ಡವನಿಗೆ 10 ವರ್ಷ ಅಂದ್ರಲ್ಲ, ಮ್ಯಾಪಲ್ಲಿ ನೋಡಿರೋ ತುಂಗಭದ್ರಾ ಇಲ್ಲಿಂದಾನೇ ಶುರು ಅಂತ ತೋರ್ಸಿ. ಆದ್ರೆ ಈ ತಿಂಗಳಲ್ಲಿ ಹೊಳೆ ತುಂಬಿರುತ್ತೆ, ಮಕ್ಕಳನ್ನ ನೀರಿಗೆ ಇಳಿಸ್ಬೇಡಿ, ದಡದಲ್ಲಿ ಕೂತ್ಕೊಂಡೇ ನೋಡ್ಲಿ.

ತ್ಯಾವರೆಕೊಪ್ಪ ಹುಲಿ ಸಿಂಹ ಸಫಾರಿ ಎಲ್ಲರೂ ಹೇಳೇ ಹೇಳ್ತಾರೆ, ಚೆನ್ನಾಗೇ ಇದೆ, ಮಂಗಳವಾರ ರಜಾ ಇರುತ್ತೆ, ಅದೊಂದು ನೋಡ್ಕೊಳಿ. ಆನೆ ಬಿಡಾರಕ್ಕೆ ಹೋಗುವಾಗ ಮಾತ್ರ ಒಂದು ಜೊತೆ ಬಟ್ಟೆ, ಒಂದು ಟವೆಲ್ ಜಾಸ್ತಿ ಇಟ್ಕೊಳಿ, ಚಿಕ್ಕವರು ದಡದ ಕೆಸರು ಬಿಡಲ್ಲ.