ಕೂಡಿದ ಬೆರಳಿನ ಆಪರೇಷನ್‌ಗೆ ಮಗುವಿಗೆ 5 ವರ್ಷ ಆಗುವವರೆಗೆ ಕಾಯಬಹುದೇ?

ದಯವಿಟ್ಟು ಕಾಯಬೇಡಿ. ‘5 ವರ್ಷವಾದರೆ ತಿಳಿವಳಿಕೆ ಬಂದಿರುತ್ತದೆ, ಪ್ಲಾಸ್ಟರ್ ಕಿತ್ತುಹಾಕುವುದಿಲ್ಲ’ ಎಂದಿದ್ದೀರಿ. ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು.

ನನ್ನ ಮಗನಿಗೆ ಹುಟ್ಟಿನಿಂದಲೇ ಬಲಗೈಯ ಉಂಗುರದ ಬೆರಳು, ಕಿರುಬೆರಳು ತುದಿಯವರೆಗೂ ಕೂಡಿದ್ದವು. ಗ್ರಹಣದ ದಿನ ಹೊರಗೆ ಹೋಗಿದ್ದೆ ಎಂದು ಅತ್ತೆ ನನ್ನನ್ನೇ ದೂರಿದರು. ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಬಸಿರಿನ ಮೊದಲ ಎರಡು ತಿಂಗಳಲ್ಲೇ ಬೆರಳ ನಡುವಿನ ಚರ್ಮ ತಾನಾಗಿ ಕರಗಬೇಕು. ಕೆಲವು ಮಕ್ಕಳಲ್ಲಿ ಕರಗುವುದಿಲ್ಲ, ಅಷ್ಟೇ.

ಡಾಕ್ಟರು 6 ತಿಂಗಳ ಹೊತ್ತಿಗೆ ಬನ್ನಿ ಎಂದಿದ್ದರು. ಅಷ್ಟು ಎಳೆಗೂಸಿಗೆ ಅರಿವಳಿಕೆ ಕೊಡಿಸಲು ನಮಗೆ ಧೈರ್ಯ ಬರಲಿಲ್ಲ. ನೆಂಟರ ಮಗುವೊಂದಕ್ಕೆ ತಡವಾಗಿ ಮಾಡಿಸಿಯೂ ಕೈ ಚೆನ್ನಾಗಿತ್ತು. ಅದನ್ನೇ ನಂಬಿ ಮುಂದೂಡಿದೆವು. ತಪ್ಪಾಗಿದ್ದು ಇಲ್ಲೇ. ಆ ಮಗುವಿಗೆ ಕೂಡಿದ್ದು ನಡುಬೆರಳು ಮತ್ತು ಉಂಗುರದ ಬೆರಳು. ಅವೆರಡೂ ಹೆಚ್ಚುಕಡಿಮೆ ಒಂದೇ ಉದ್ದ, ಜೊತೆಗೇ ಬೆಳೆಯುತ್ತವೆ. ಕಿರುಬೆರಳು ಹಾಗಲ್ಲ, ಗಿಡ್ಡ. ಪಕ್ಕದ ಬೆರಳು ಉದ್ದವಾಗಲು ಹೊರಟರೆ ಅದು ಹಿಡಿದೆಳೆಯುತ್ತದೆ. ನನ್ನ ಮಗನ ಉಂಗುರದ ಬೆರಳು ಕಿರುಬೆರಳಿನ ಕಡೆಗೆ ವಾಲುತ್ತಾ ಹೋಯಿತು, ಗೆಣ್ಣು ನೆಟ್ಟಗಾಗುವುದೇ ನಿಂತಿತು. ದಿನಾ ನೋಡುವ ಕೈ ಅಲ್ವಾ, ನಮಗೆ ಗೊತ್ತೇ ಆಗಲಿಲ್ಲ. ಕೊನೆಗೆ ಬೆರಳು ಬಿಡಿಸಿದರು. ಬಾಗು ಮಾತ್ರ ಈಗಲೂ ಇದೆ. ಬಿಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆವು. ಬಾಗಿ ಬೆಳೆದ ಬೆರಳು ಚರ್ಮ ಕತ್ತರಿಸಿದ ಮಾತ್ರಕ್ಕೆ ನೆಟ್ಟಗಾಗುವುದಿಲ್ಲ.

ಹಾಗಾಗಿ ಮೊದಲು ನೋಡಬೇಕಾದ್ದು ಮಗುವಿನ ತಿಳಿವಳಿಕೆಯನ್ನಲ್ಲ, ಯಾವ ಬೆರಳು ಕೂಡಿದೆ ಅನ್ನುವುದನ್ನು. ಹೆಬ್ಬೆರಳು–ತೋರುಬೆರಳು ಅಥವಾ ಉಂಗುರ–ಕಿರುಬೆರಳು ಆದರೆ 6 ತಿಂಗಳ ಆಸುಪಾಸಿನಲ್ಲೇ ಮಾಡುತ್ತಾರೆ. ನಡುವಿನವಾದರೆ ಸಾಮಾನ್ಯವಾಗಿ 1ರಿಂದ 2 ವರ್ಷದೊಳಗೆ. ಮೂರು ಬೆರಳು ಕೂಡಿದ್ದರೆ ಒಂದೇ ಸಲಕ್ಕೆ ಬಿಡಿಸುವುದಿಲ್ಲ. ನಡುವಿನ ಬೆರಳಿಗೆ ಎರಡೂ ಕಡೆಯಿಂದ ಕೈ ಹಾಕಿದರೆ ರಕ್ತ ಹರಿಯುವುದಕ್ಕೇ ಕುತ್ತು. ಕೆಲವು ತಿಂಗಳು ಬಿಟ್ಟು ಇನ್ನೊಂದು ಆಪರೇಷನ್ ಬೇಕು.

ಪ್ಲಾಸ್ಟರ್ ಬಗ್ಗೆ ಸುಮ್ನೆ ಹೆದರಬೇಡಿ. ಮಗು ಜಾರಿಸಿಕೊಳ್ಳದಂತೆ ಮೊಣಕೈ ಮಡಿಸಿ ಅದರ ಮೇಲಿನವರೆಗೂ ಹಾಕುತ್ತಾರೆ. ಚರ್ಮದ ಬಗ್ಗೆ ಮಾತ್ರ ಜಾಸ್ತಿ ಕೇಳಿ. ಬಿಡಿಸಿದ ಎರಡು ಬೆರಳಿಗೆ ಇದ್ದ ಚರ್ಮ ಸಾಲದೆ ಹೆಚ್ಚಿನ ಸಲ ತೊಡೆಸಂದಿನಿಂದ ತೆಗೆದು ಹಚ್ಚುತ್ತಾರೆ. ಮಗು ಬೆಳೆದಂತೆ ಬೆರಳ ಸಂದಿನ ಚರ್ಮ ಮತ್ತೆ ಮೇಲೇರಬಹುದು. ಅದಕ್ಕೇ ವರ್ಷಗಟ್ಟಲೆ ತೋರಿಸುತ್ತಿರಬೇಕು.

ನಿಮ್ಮ ಮಗಳಿಗೆ ಯಾವ ಬೆರಳು ಕೂಡಿದೆ ಎಂದು ನೀವು ಬರೆದೇ ಇಲ್ಲ. ಕಿರುಬೆರಳೋ ಹೆಬ್ಬೆರಳೋ ಆಗಿದ್ದರೆ ಇದೇ ವಾರ ಮಕ್ಕಳ ಕೈ ಆಪರೇಷನ್ ಮಾಡುವ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ. ಮೂಳೆ ಕೂಡಿದೆಯೋ ಎಂದು ನೋಡಲು ಎಕ್ಸ್‌ರೇಯನ್ನೂ ಅವರೇ ಹೇಳುತ್ತಾರೆ.