ತೊಟ್ಟಿಯ ಮೀನುಗಳ ಸಂಖ್ಯೆ ಒಂದು ಹಂತದಲ್ಲಿ ನಿಲ್ಲುವುದೇಕೆ?

ಪ್ರಶ್ನೆ: ಸೊಳ್ಳೆಗಳ ಕಾಟ ತಡೆಯಲೆಂದು ನಮ್ಮ ಮನೆಯ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಎರಡು ವರ್ಷಗಳ ಹಿಂದೆ ಆರು ಗಪ್ಪಿ ಮೀನುಗಳನ್ನು ಬಿಟ್ಟಿದ್ದೆವು. ಮೊದಲ ಕೆಲವು ತಿಂಗಳು ಅವು ಬಹಳ ವೇಗವಾಗಿ ಹೆಚ್ಚಿದವು. ಈಗ ಮರಿಗಳು ಕಾಣಿಸುತ್ತಲೇ ಇದ್ದರೂ ಒಟ್ಟು ಸಂಖ್ಯೆ ಹೆಚ್ಚುತ್ತಿಲ್ಲ. ಆಹಾರವನ್ನು ಇನ್ನಷ್ಟು ಹಾಕಿದರೂ ಪ್ರಯೋಜನವಾಗಲಿಲ್ಲ. ಇದು ರೋಗವೇ? ಹೊಸ ಮೀನುಗಳನ್ನು ತಂದು ಬಿಡಬೇಕೆ?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಮೀನುಗಳು ಚುರುಕಾಗಿ ಓಡಾಡಿಕೊಂಡು ಮರಿ ಹಾಕುತ್ತಿದ್ದರೆ ಅದು ರೋಗವಾಗಿರುವ ಸಾಧ್ಯತೆ ಕಡಿಮೆ. ನಿಮ್ಮ ತೊಟ್ಟಿಯಲ್ಲಿ ಮೀನುಗಳ ದಟ್ಟಣೆಯೇ ಅವುಗಳ ಹೆಚ್ಚಳಕ್ಕೆ ಕಡಿವಾಣ ಹಾಕಿದೆ.

ಗಪ್ಪಿಗಳನ್ನೇ ಇಟ್ಟುಕೊಂಡು ಬ್ರೆಡರ್ ಮತ್ತು ಕೋಟ್ಸ್ ಎಂಬ ಅಮೆರಿಕದ ವಿಜ್ಞಾನಿಗಳು ಮಾಡಿದ ಪ್ರಯೋಗವೊಂದರ ವರದಿ 1932ರಲ್ಲಿ ಪ್ರಕಟವಾಯಿತು. ಒಂದೇ ಬಗೆಯ ಎರಡು ತೊಟ್ಟಿಗಳಲ್ಲಿ ಒಂದಕ್ಕೆ ಒಂದೇ ಒಂದು ಬಸಿರು ಮೀನನ್ನೂ ಇನ್ನೊಂದಕ್ಕೆ 50 ಮೀನುಗಳನ್ನೂ ಅವರು ಬಿಟ್ಟರು. ಕೆಲವು ತಿಂಗಳಲ್ಲಿ ಎರಡರಲ್ಲೂ ಉಳಿದದ್ದು ತಲಾ 9 ಮೀನುಗಳು. ಗಪ್ಪಿಗಳು ಮರಿಗಳನ್ನು, ತಾವೇ ಹೆತ್ತವನ್ನೂ ಬಿಡದೆ, ತಿನ್ನುತ್ತವೆ; ಜಾಗ ಕಿರಿದಾದಷ್ಟೂ ಮರಿ ದೊಡ್ಡ ಮೀನಿನ ಕಣ್ಣಿಗೆ ಬೀಳುವುದು ಸುಲಭ, ಅಡಗಿಕೊಳ್ಳುವುದು ಕಷ್ಟ. ಆರಂಭದ ಸಂಖ್ಯೆ ಎಷ್ಟೇ ಇದ್ದರೂ ಕೊನೆಯ ಸಂಖ್ಯೆಯನ್ನು ತೊಟ್ಟಿಯೇ ನಿರ್ಧರಿಸಿತು ಎಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ.

ಈ ಬಗೆಯ ಬೆಳವಣಿಗೆಗೆ ಬೆಲ್ಜಿಯಂನ ಗಣಿತಜ್ಞ ವೆರ್ಹುಲ್ಸ್ಟ್ 1838ರಲ್ಲಿಯೇ ಒಂದು ಸಮೀಕರಣವನ್ನು ಕೊಟ್ಟಿದ್ದರು. ನಿಮ್ಮ ತೊಟ್ಟಿಗೆ 200 ಮೀನುಗಳನ್ನು ಸಾಕುವ ಶಕ್ತಿಯಿದೆ ಎಂದು ಭಾವಿಸೋಣ. ಇದನ್ನು ಧಾರಣ ಸಾಮರ್ಥ್ಯ ಎನ್ನುತ್ತಾರೆ. 20 ಮೀನುಗಳಿರುವಾಗ ಪ್ರತಿ ಮೀನಿನ ಪಾಲಿನ ಹೆಚ್ಚಳ ಅದರ ಗರಿಷ್ಠ ಪ್ರಮಾಣದ ಶೇ. 90ರಷ್ಟಿರುತ್ತದೆ, 100 ಇರುವಾಗ ಅರ್ಧಕ್ಕಿಳಿಯುತ್ತದೆ, 180 ತಲುಪಿದಾಗ ಶೇ. 10 ಮಾತ್ರ ಉಳಿಯುತ್ತದೆ. ಇಡೀ ತೊಟ್ಟಿಯ ಲೆಕ್ಕದಲ್ಲಿ ಅತಿ ಹೆಚ್ಚು ಮೀನುಗಳು ಸೇರ್ಪಡೆಯಾಗುವುದು ಸಂಖ್ಯೆ 100ರ ಆಸುಪಾಸಿನಲ್ಲಿದ್ದಾಗ. ಮೊದಲ ತಿಂಗಳುಗಳಲ್ಲಿ ನೀವು ಕಂಡ ವೇಗ ಅದೇ ಇರಬೇಕು.

ಆಹಾರ ಹೆಚ್ಚಿಸಿದ್ದು ಏಕೆ ಫಲಿಸಲಿಲ್ಲವೆಂದರೆ, ಅಲ್ಲಿ ಕೊರತೆಯಾಗಿದ್ದುದು ಬಹುಶಃ ಆಹಾರವಲ್ಲ. ಮೀನುಗಳ ಮಲದಿಂದ ಸೇರುವ ಅಮೋನಿಯ, ರಾತ್ರಿ ಹೊತ್ತು ಕುಗ್ಗುವ ಆಮ್ಲಜನಕ, ಮರಿಗಳಿಗೆ ಮರೆಯಿಲ್ಲದಿರುವುದು, ಇವೆಲ್ಲವೂ ದಟ್ಟಣೆಯೊಂದಿಗೆ ಬಿಗಿಯಾಗುತ್ತವೆ. ತಿನ್ನದೆ ಉಳಿದ ಆಹಾರ ಕೊಳೆತು ಆಮ್ಲಜನಕವನ್ನು ಇನ್ನಷ್ಟು ಕಬಳಿಸುವುದರಿಂದ, ದಯವಿಟ್ಟು ಅದನ್ನು ಕಡಿಮೆ ಮಾಡಿ. ಆದರೆ ಎಲ್ಲ ಸಾವೂ ದಟ್ಟಣೆಯಿಂದಲ್ಲ: ತೊಟ್ಟಿಗೆ ಬ್ಲೀಚಿಂಗ್ ಪುಡಿ ಬಿದ್ದರೆ ಹತ್ತು ಮೀನುಗಳಿದ್ದರೂ ಇನ್ನೂರಿದ್ದರೂ ಒಂದೇ ಗತಿ.

ಸಂಖ್ಯೆ ಯಾವಾಗಲೂ ಹೀಗೆ ಮೆಲ್ಲಗೆ ಬಂದು ನಿಲ್ಲುತ್ತದೆ ಎಂದೂ ತಿಳಿಯಬಾರದು. ಅಲಾಸ್ಕಾದ ಸೇಂಟ್ ಮ್ಯಾಥ್ಯೂ ದ್ವೀಪದಲ್ಲಿ 1944ರಲ್ಲಿ ಬಿಟ್ಟ 29 ಹಿಮಸಾರಂಗಗಳು 1963ರ ಹೊತ್ತಿಗೆ ಸುಮಾರು 6,000 ಆದವು. ನಿಧಾನವಾಗಿ ಬೆಳೆಯುವ ಕಲ್ಲುಹೂವನ್ನು ಅವು ಅಷ್ಟರಲ್ಲಿ ಮೇದು ಮುಗಿಸಿದ್ದವು. ಮುಂದಿನ ಕಠಿಣ ಚಳಿಗಾಲದ ನಂತರ, 1966ರ ಎಣಿಕೆಯಲ್ಲಿ ಸಿಕ್ಕಿದ್ದು 42 ಮಾತ್ರ. ದಟ್ಟಣೆಯ ಪರಿಣಾಮ ತಡವಾಗಿ ತಟ್ಟಿದಾಗ ಇಂಥ ಕುಸಿತ ಸಂಭವಿಸುತ್ತದೆ.

ಹಾಗಾಗಿ ಹೊಸ ಮೀನುಗಳನ್ನು ತರುವ ಅಗತ್ಯವಿಲ್ಲ. ತೊಟ್ಟಿಗೆ ಒಂದಿಷ್ಟು ನೀರುಗಿಡಗಳನ್ನು ಹಾಕಿದರೆ ಮರಿಗಳಿಗೆ ಮರೆ ಸಿಕ್ಕಿ ಸಂಖ್ಯೆ ತುಸು ಏರಬಹುದು. ಹೆಚ್ಚೆನಿಸಿದ ಮೀನುಗಳನ್ನು ತೊಟ್ಟಿ ಇರುವ ನೆರೆಮನೆಯವರಿಗೆ ಕೊಡಿ. ಸ್ಯಾಂಕಿ ಕೆರೆಗಾಗಲಿ ಬೇರೆ ಯಾವ ಕೆರೆಗಾಗಲಿ ಖಂಡಿತ ಬಿಡಬೇಡಿ. ಗಪ್ಪಿ ದಕ್ಷಿಣ ಅಮೆರಿಕ ಮೂಲದ ಮೀನು. ಕೆರೆ ಸೇರಿದರೆ ಅದು ನಮ್ಮ ಸಣ್ಣ ಮೀನುಗಳ ಆಹಾರಕ್ಕೆ ಪೈಪೋಟಿಯಾಗುತ್ತದೆ.