ಗೋರಿ ನೋಡೋಕೆ ಅಷ್ಟು ದೂರ ಹೋಗಬೇಕಾ?

ಓದುಗರ ಪತ್ರ: “ಮಗ, ಸೊಸೆ ಕೋಪನ್‌ಹೇಗನ್‌ನಲ್ಲಿದ್ದಾರೆ. ಮುಂದಿನ ತಿಂಗಳು ಹೊರಟಿದ್ದೇನೆ. ಹತ್ತಿರದ ರೋಸ್ಕಿಲ್ಡೆ ಊರಿನ ಹಳೇ ಚರ್ಚಿಗೆ ಕರೆದುಕೊಂಡು ಹೋಗ್ತೀನಿ ಅಂತಾನೆ ಮಗ. ಒಳಗೆಲ್ಲ ರಾಜರ ಗೋರಿಗಳಂತೆ. ಕಟ್ಟಡ ಬರೀ ಇಟ್ಟಿಗೆಯದಂತೆ. ನಾನು ಬೇಲೂರಿನ ಪಕ್ಕ ಹುಟ್ಟಿ ಬೆಳೆದವಳು. ಗೋರಿ ನೋಡೋಕೆ ಅಷ್ಟು ದೂರ ಹೋಗಬೇಕಾ? ಬಂದ ಮೇಲೆ ಸ್ನಾನ ಮಾಡಬೇಕಾ? ನಗಬೇಡಿ, ನಿಜವಾಗಿಯೂ ಕೇಳುತ್ತಿದ್ದೇನೆ.”
— ಓದುಗರೊಬ್ಬರು, ಹಾಸನ ಜಿಲ್ಲೆ

ಸಂಪಾದಕರ ಉತ್ತರ:

ನಗಲಿಲ್ಲ ಅಮ್ಮಾ. ನಿಮ್ಮ ಪತ್ರ ಓದಿ ಖುಷಿಯಾಯಿತು. ಆ ಚರ್ಚಿಗೆ ಹೋಗಿ ಬಂದವನು ನಾನು. ಹೋಗುವಾಗ ನನ್ನ ಮನಸ್ಸಿನಲ್ಲಿಯೂ ಹೆಚ್ಚುಕಡಿಮೆ ಇದೇ ಪ್ರಶ್ನೆ ಇತ್ತು. ಬರುವಾಗ ಇರಲಿಲ್ಲ. ಖಂಡಿತ ಹೋಗಿ.

ಮೊದಲು ಇಟ್ಟಿಗೆಯ ಮಾತು. ಬೇಲೂರಿನವರಿಗೆ ಇಟ್ಟಿಗೆ ಸಪ್ಪೆ ಅನಿಸುವುದು ಸಹಜ. ಆದರೆ ನಮ್ಮವರಿಗೆ ಬಳಪದ ಕಲ್ಲು ಕೈಗೆ ಸಿಕ್ಕಿತ್ತು. ಅಗೆದಾಗ ಮೆತ್ತಗಿರುತ್ತದೆ, ಉಳಿ ಹೇಳಿದ ಹಾಗೆ ಕೇಳುತ್ತದೆ. ರೋಸ್ಕಿಲ್ಡೆ ಇರುವ ದ್ವೀಪದಲ್ಲಿ ಅಂಥ ಕಲ್ಲಿಲ್ಲ. ಅಲ್ಲಿ ಹೆಚ್ಚಾಗಿ ಇರುವುದು ಹಿಮಯುಗದ ಹಿಮಗಡ್ಡೆಗಳು ತಂದು ಸುರಿದ ಜೇಡಿಮಣ್ಣು, ಗುಂಡುಬಂಡೆ. ಇಟ್ಟಿಗೆ ಸುಡುವ ವಿದ್ಯೆ ಡೆನ್ಮಾರ್ಕಿಗೆ ಬಂದದ್ದೇ 12ನೇ ಶತಮಾನದಲ್ಲಿ. ಬಂದು ಸ್ವಲ್ಪ ಕಾಲ ಆಗಿತ್ತಷ್ಟೇ, 1170ರ ದಶಕದಲ್ಲಿ ಬಿಷಪ್ ಆಬ್ಸಲೋನ್ ಅದೇ ಇಟ್ಟಿಗೆಯಲ್ಲಿ ಈ ದೊಡ್ಡ ಚರ್ಚು ಕಟ್ಟಿಸಲು ಶುರುಮಾಡಿದ. ಕೋಪನ್‌ಹೇಗನ್ನಿಗೆ ಬುನಾದಿ ಹಾಕಿದವನು ಅಂತ ಹೆಸರಾದವನೂ ಇವನೇ. ನಮ್ಮ ಚೆನ್ನಕೇಶವ ದೇಗುಲ 1117ರದು. ಅಂದರೆ ಎರಡಕ್ಕೂ ನಡುವೆ ಎರಡು ತಲೆಮಾರಿನ ಅಂತರ, ಅಷ್ಟೇ.

ಕಟ್ಟುತ್ತಾ ಕಟ್ಟುತ್ತಾ ಫ್ರಾನ್ಸಿನ ಕಡೆಯಿಂದ ಹೊಸ ರೀತಿ ಬಂತು. ಮೊದಲು ದುಂಡಗಿನ ಕಮಾನು ಕಟ್ಟುತ್ತಿದ್ದವರು ಆಮೇಲೆ ಚೂಪು ಕಮಾನಿಗೆ ತಿರುಗಿದರು. ಒಳಗೆ ನಿಂತು ತಲೆಯೆತ್ತಿದರೆ ಆ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಗೋಡೆಯ ಹತ್ತಿರ ಹೋಗಿ ಇಟ್ಟಿಗೆಗಳನ್ನು ಒಂದೊಂದಾಗಿ ನೋಡಿ. ಒಂದು ಕಿತ್ತಳೆ ಬಣ್ಣ, ಪಕ್ಕದ್ದು ಕಪ್ಪಿಗೆ ತಿರುಗಿದ ಕೆಂಪು. ಗೂಡಿನಲ್ಲಿ ಯಾವುದಕ್ಕೆ ಬೆಂಕಿ ಜಾಸ್ತಿ ತಾಗಿತ್ತು, ಯಾವುದಕ್ಕೆ ಕಡಿಮೆ ಅಂತ ಗೊತ್ತಾಗುತ್ತದೆ. ನಾನು ಅಲ್ಲಿ ಸುಮಾರು ಹೊತ್ತು ನಿಂತಿದ್ದೆ. ಯುನೆಸ್ಕೋ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಕ್ಕೆ ಈ ಇಟ್ಟಿಗೆ ಕೆಲಸವೇ ಒಂದು ದೊಡ್ಡ ಕಾರಣ.

ಇನ್ನು ಗೋರಿಗಳು. ಹೌದು, ಇವೆ. ರಾಜರು, ರಾಣಿಯರು ಸೇರಿ ಸುಮಾರು 40 ಮಂದಿ. ಎಲ್ಲವನ್ನೂ ನೋಡಲು ಹೋಗಬೇಡಿ, ಸುಸ್ತಾಗುತ್ತದೆ. ಒಂದರ ಮುಂದೆ ಮಾತ್ರ ನಿಧಾನವಾಗಿ ನಿಲ್ಲಿ. ಮುಖ್ಯ ಪೀಠದ ಹಿಂದೆ ಒಬ್ಬ ಹೆಣ್ಣುಮಗಳು ಮಲಗಿದ್ದಾಳೆ, ಬಿಳಿ ಅಲಬಾಸ್ಟರ್ ಕಲ್ಲಿನ ಮೂರ್ತಿ. ಅವಳೇ ಡೆನ್ಮಾರ್ಕಿನ ರಾಣಿ ಒಂದನೇ ಮಾರ್ಗರೇಟ. 1387ರಲ್ಲಿ ಅವಳ ಒಬ್ಬನೇ ಮಗ ಓಲುಫ್ ತೀರಿಕೊಂಡ. ಇನ್ನೂ ಹರೆಯದ ಹುಡುಗ. ಗಂಡ ಅದಕ್ಕೂ ಮುಂಚೆಯೇ ಹೋಗಿದ್ದ. ಹೆಂಗಸು ಪಟ್ಟಕ್ಕೇರುವ ಪದ್ಧತಿ ಅಲ್ಲಿ ಇರಲಿಲ್ಲ. ಡೆನ್ಮಾರ್ಕಿನವರು ಅವಳಿಗೆ ಕೊಟ್ಟ ಪದವಿ ಏನು ಗೊತ್ತಾ? ರಾಜ್ಯಕ್ಕೆಲ್ಲ “ಒಡತಿಯೂ ಹೌದು, ಯಜಮಾನನೂ ಹೌದು” ಅಂತ. ಹತ್ತು ವರ್ಷದಲ್ಲಿ, 1397ಕ್ಕೆ, ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರನ್ನೂ ಒಂದೇ ಒಕ್ಕೂಟಕ್ಕೆ ತಂದಳು. 1412ರಲ್ಲಿ ಹಡಗಿನಲ್ಲೇ ಜೀವ ಬಿಟ್ಟಳು. ಸೋರೋ ಎಂಬ ಊರಿನಲ್ಲಿ ಹೂತಿದ್ದ ದೇಹವನ್ನು ಮರುವರ್ಷ ಇಲ್ಲಿಗೆ ತಂದರು. ಮಗನನ್ನು ಕಳೆದುಕೊಂಡ ತಾಯಿ ಮೂರು ರಾಜ್ಯ ನಡೆಸಿದಳು. ಅವಳ ಮುಂದೆ ನಿಂತಾಗ ಗೋರಿ ಅನ್ನುವ ಮಾತೇ ನನಗೆ ಮರೆತುಹೋಗಿತ್ತು.

ಅವಳ ಹೆಸರನ್ನೇ ಇಟ್ಟುಕೊಂಡ ಎರಡನೇ ಮಾರ್ಗರೇಟ 2024ರ ಜನವರಿಯಲ್ಲಿ ತಾವಾಗಿಯೇ ಪಟ್ಟ ಬಿಟ್ಟು ಮಗನಿಗೆ ಕೊಟ್ಟರು. ಅವರ ಸಮಾಧಿಯನ್ನು ಬದುಕಿರುವಾಗಲೇ ಮಾಡಿಸಿ ಇದೇ ಚರ್ಚಿನಲ್ಲಿ ಸಿದ್ಧವಾಗಿ ಇಟ್ಟಿದ್ದಾರೆ. ಮಾಡಿದವರು ಬ್ಯೋರ್ನ್ ನೋರ್ಗೋರ್ ಎಂಬ ಶಿಲ್ಪಿ. ಗಾಜಿನ ಸಮಾಧಿ. ಅದನ್ನು ಹೊರುವ ಕಂಬಗಳಿಗೆ ಡೆನ್ಮಾರ್ಕ್, ಫಾರೋ ದ್ವೀಪ, ಗ್ರೀನ್‌ಲ್ಯಾಂಡ್‌ನ ಕಲ್ಲು. ಕಂಬಗಳ ಮೇಲೆ ಬೆಳ್ಳಿಯ ಆನೆ ತಲೆ. ಸಾವಿನ ವಿಷಯದಲ್ಲಿ ಅವರಿಗಿರುವ ಈ ನೆಮ್ಮದಿ ನನಗೆ ತುಂಬಾ ಹಿಡಿಸಿತು.

ನಮ್ಮ ಕಡೆಯ ನಂಟೂ ಒಂದಿದೆ. ನಾಲ್ಕನೇ ಕ್ರಿಶ್ಚಿಯನ್ ದೊರೆಯ ಕೋಣೆಗೆ ಕಬ್ಬಿಣದ ಚಂದದ ಜಾಲರಿ ಬಾಗಿಲಿದೆ. ಇವನ ಕಾಲದಲ್ಲೇ, 1620ರಲ್ಲಿ, ತಂಜಾವೂರಿನ ರಘುನಾಥ ನಾಯಕನ ಒಪ್ಪಿಗೆ ಪಡೆದು ಡೇನರು ತರಂಗಂಬಾಡಿಯಲ್ಲಿ ಕೋಟೆ ಕಟ್ಟಿದ್ದು. 1845ರಲ್ಲಿ ಇಂಗ್ಲಿಷರಿಗೆ ಮಾರುವವರೆಗೂ ಅದು ಅವರದೇ ಊರು. ಕೋಟೆ ಈಗಲೂ ಕಡಲ ಕಡೆ ಮುಖ ಮಾಡಿ ನಿಂತಿದೆ. ಚರ್ಚಿನ ಎರಡು ಚೂಪು ಶಿಖರಗಳನ್ನು ಏರಿಸಿದವನೂ ಇದೇ ದೊರೆ.

ಮಗನ ಫೋನಿನಲ್ಲಿ ಬ್ಲೂಟೂತ್ ಇರುತ್ತದಲ್ವಾ? ಆ ಹೆಸರು ಹಾರಾಲ್ಡ್ ಬ್ಲೂಟೂತ್ ಎಂಬ ಹಳೇ ರಾಜನದು. ಸಾವಿರ ವರ್ಷದ ಹಿಂದೆ ಇಲ್ಲಿ ಮರದ ಚರ್ಚು ಕಟ್ಟಿಸಿದವನು. ಅವನನ್ನು ಇಲ್ಲೇ ಹೂತರು ಎಂಬ ನಂಬಿಕೆ ಬಹಳ ಹಳೆಯದು.

ಒಂದನೇ ಕ್ರಿಶ್ಚಿಯನ್‌ನ ಕೋಣೆಯಲ್ಲಿ ಒಂದು ಕಂಬವಿದೆ. ಬಂದ ಹಲವು ದೊರೆಗಳು ತಮ್ಮ ಎತ್ತರವನ್ನು ಅದರ ಮೇಲೆ ಗುರುತು ಹಾಕಿಸಿದ್ದಾರೆ. ನಮ್ಮ ಮನೆಗಳಲ್ಲಿ ಮಕ್ಕಳನ್ನು ಬಾಗಿಲಿಗೆ ಒರಗಿಸಿ ಗೀರು ಹಾಕುವುದಿಲ್ವಾ, ಹಾಗೆ. 1716ರಲ್ಲಿ ಬಂದ ರಷ್ಯದ ಪೀಟರ್ ದೊರೆಯ ಗುರುತು 2 ಮೀಟರಿಗಿಂತಲೂ ಮೇಲಿದೆ. ಕ್ರಿಶ್ಚಿಯನ್‌ನ ಗುರುತು ಅದಕ್ಕೂ ಮೇಲೆ, ಸುಮಾರು 2.19 ಮೀಟರ್. ಆದರೆ ಮೂಳೆ ಅಳೆದಾಗ ಆತ 1.88 ಮೀಟರ್ ಇದ್ದನಂತೆ. ಮೊಮ್ಮಕ್ಕಳಿದ್ದರೆ ಇದನ್ನು ಮರೆಯದೆ ತೋರಿಸಿ.

ಅಲ್ಲಿಯವರು ಊರಿನ ಹೆಸರನ್ನು “ರೋಸ್ಕಿಲೆ” ಅನ್ನುತ್ತಾರೆ, “ಡ” ಕೇಳಿಸುವುದಿಲ್ಲ. ಕೋಪನ್‌ಹೇಗನ್‌ನಿಂದ ರೈಲಿನಲ್ಲಿ ಅರ್ಧ ಗಂಟೆ. ಒಳಗೆ ಹೋಗಲು ಟಿಕೆಟ್ ಇದೆ. ಚಪ್ಪಲಿ ಬಿಡಬೇಕಿಲ್ಲ. ನಿಮ್ಮ ಸೀರೆಯಲ್ಲೇ ಹೋಗಿ, ಒಂದು ಶಾಲು ಇರಲಿ. ಭಾನುವಾರ ಬೆಳಿಗ್ಗೆ ಬೇಡ, ಆಗ ಪ್ರಾರ್ಥನೆ ಇರುತ್ತದೆ. ಇದು ಬರೀ ನೋಡುವ ಜಾಗವಲ್ಲ. ಊರಿನವರ ಮದುವೆ, ಮಕ್ಕಳ ನಾಮಕರಣ ಇಂದಿಗೂ ಆ ಗೋರಿಗಳ ನಡುವೆಯೇ ನಡೆಯುತ್ತವೆ. ಅದಕ್ಕೇ ಸ್ನಾನದ ವಿಷಯದಲ್ಲಿ ನನ್ನ ಉತ್ತರ: ಬೇಕಿಲ್ಲ. ಅಷ್ಟಾದರೂ ಮಾಡಿದರೆ ಸಮಾಧಾನ ಅನಿಸಿದರೆ ಮಾಡಿ, ತಪ್ಪೇನಿಲ್ಲ. ಅಲ್ಲಿ ಮಾತ್ರ ಮೈಲಿಗೆಯ ಯೋಚನೆ ಬೇಡ.

ಹೊತ್ತು ನೋಡಿಕೊಂಡು ಗಂಟೆ ಹೊಡೆಯುವ ಐದು ನಿಮಿಷ ಮುಂಚೆ ಗಡಿಯಾರದ ಕೆಳಗೆ ಬನ್ನಿ. 1500ರ ಆಸುಪಾಸಿನದು, ಗೋಡೆಯ ಮೇಲೆ ಎತ್ತರದಲ್ಲಿದೆ. ಕುದುರೆ ಮೇಲೆ ಸಂತ ಜಾರ್ಜ್, ಕಾಲಡಿ ಡ್ರ್ಯಾಗನ್. ಪಕ್ಕದಲ್ಲಿ ಪೇರ್ ಅನ್ನುವ ಗಂಡಸು ಮತ್ತು ಕಿರ್ಸ್ಟನ್ ಅನ್ನುವ ಹೆಂಗಸು. ಕಾಲು ಗಂಟೆಗೊಮ್ಮೆ ಬಾರಿಸುವುದು ಅವಳ ಕೆಲಸ, ಗಂಟೆ ಹೊಡೆಯುವುದು ಅವನದು. ಗಂಟೆ ಆಗುತ್ತಿದ್ದಂತೆ ಕುದುರೆ ಜಿಗಿಯುತ್ತದೆ, ಡ್ರ್ಯಾಗನ್ ಕೀರಲು ದನಿಯಲ್ಲಿ ಕಿರುಚುತ್ತದೆ. ನಾನಿದ್ದಾಗ ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗಿ ಅಮ್ಮನ ಕೋಟಿನೊಳಗೆ ಮುಖ ಹುದುಗಿಸಿಕೊಂಡಳು. ಆಮೇಲೆ ಒಂದು ಕಣ್ಣು ಮಾತ್ರ ಹೊರಗೆ ಹಾಕಿ, ಇನ್ನೊಂದು ಸಲ ಆಗುತ್ತಾ ಅಂತ ಕಾಯುತ್ತಾ ನಿಂತಳು.